ಶಾಲೆ ಬದಲಿಸಿದಾಗ ಓದಿದ್ದು ಲೆಕ್ಕಕ್ಕೆ ಬರಬೇಕಾದರೆ

"ಅಲ್ಲಿ ಅರ್ಧ ವರ್ಸ ಓದವ್ಳೆ ಸಾ, ಅದು ಲೆಕ್ಕಕ್ಕೆ ಬರಾಕಿಲ್ವಾ?"

ಮಂಡ್ಯ ಕಡೆಯ ಹೈಸ್ಕೂಲುಗಳಲ್ಲಿ ಅಡ್ಮಿಷನ್ ಮೇಜಿನ ಮುಂದೆ ಕೂತ ಅಪ್ಪಂದಿರು ಕೇಳುವ ಪ್ರಶ್ನೆ ಇದು. ಮೈಸೂರಿನಲ್ಲಿ ಇದೇ ಪ್ರಶ್ನೆ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. ಸಿಬಿಎಸ್‌ಇಯಲ್ಲಿ ಒಂಬತ್ತು ಮುಗಿಸಿದ ಹುಡುಗನನ್ನು ಸ್ಟೇಟ್ ಸಿಲಬಸ್‌ಗೆ ಹಾಕಿದರೆ ವರ್ಷ ಹಾಳಾಗುತ್ತಾ? ಫಸ್ಟ್ ಪಿಯು ಮಂಡ್ಯದಲ್ಲಿ, ಸೆಕೆಂಡ್ ಪಿಯು ಮೈಸೂರಿನಲ್ಲಿ ಮಾಡಬಹುದಾ? ಅಮೆರಿಕದಿಂದ ವಾಪಸ್ ಬಂದ ಮಗಳ ಕೈಯಲ್ಲಿರುವ ಕ್ರೆಡಿಟ್‌ಗಳಿಗೆ ಇಲ್ಲಿ ಏನಾದರೂ ಬೆಲೆ ಇದೆಯಾ?

ಎಲ್ಲಕ್ಕೂ ಮೂಲ ಒಂದೇ. ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆ ಯಾರು, ಯಾವ ಕಾಗದ ನೋಡಿ, ಎಷ್ಟರ ಮಟ್ಟಿಗೆ ಒಪ್ಪಿಕೊಳ್ಳುತ್ತಾರೆ ಅನ್ನುವುದು. ಇದು ಗೊತ್ತಿಲ್ಲದೆ ಮಕ್ಕಳು ಒಂದು ವರ್ಷ ಕಳೆದುಕೊಂಡಿದ್ದನ್ನು ನೋಡಿದ್ದೇನೆ. ಆ ವರ್ಷ ಉಳಿಸಬಹುದಿತ್ತು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಅಮೆರಿಕದ ಹೈಸ್ಕೂಲ್ ನಡೆಯುವುದು ಕ್ರೆಡಿಟ್ ಲೆಕ್ಕದಲ್ಲಿ. ಒಂದೊಂದು ವಿಷಯಕ್ಕೆ ಇಷ್ಟು ಕ್ರೆಡಿಟ್ ಅಂತ ಇರುತ್ತದೆ. ವರ್ಷವಿಡೀ ಸುಮಾರು 120 ಗಂಟೆ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್ ಅನ್ನುವ ಹಳೆಯ ಅಳತೆಯೊಂದು ಅಲ್ಲಿದೆ, ಅದನ್ನು ಕಾರ್ನೆಗಿ ಯೂನಿಟ್ ಅನ್ನುತ್ತಾರೆ. ಗಣಿತದಲ್ಲಿ ಇಷ್ಟು, ಇಂಗ್ಲಿಷ್‌ನಲ್ಲಿ ಇಷ್ಟು ಅಂತ ಕ್ರೆಡಿಟ್ ಕೂಡಿಕೊಂಡರೆ ಡಿಪ್ಲೊಮಾ. ಶಾಲೆ ಬದಲಿಸಿದಾಗ ಯಾವ ಕ್ರೆಡಿಟ್ ಒಪ್ಪಬೇಕು ಅಂತ ಆಯಾ ಊರಿನ ಶಾಲಾ ಆಡಳಿತ ನೋಡುತ್ತದೆ. ಜಗಳ ಬರುವುದೂ ಅಲ್ಲೇ.

ನಮ್ಮಲ್ಲಿ ಹಾಗಲ್ಲ. ನಮ್ಮ ಹೈಸ್ಕೂಲಿನಲ್ಲಿ ಲೆಕ್ಕ ಇಡುವುದು ವರ್ಷವನ್ನು. ಒಂಬತ್ತನೇ ತರಗತಿ ಪಾಸಾಗಿರುತ್ತೀರಿ ಅಥವಾ ಆಗಿರುವುದಿಲ್ಲ. 'ಒಂಬತ್ತರಲ್ಲಿ ಗಣಿತ, ವಿಜ್ಞಾನ ಮುಗಿದಿದೆ, ಸಮಾಜ ಬಾಕಿ' ಅನ್ನುವ ಲೆಕ್ಕಕ್ಕೆ ಜಾಗವೇ ಇಲ್ಲ. ಹೀಗಾಗಿ ವರ್ಷದ ನಡುವೆ ಶಾಲೆ ಬದಲಿಸಿದರೆ ಕೊಂಡೊಯ್ಯಲು ನಿಮ್ಮ ಹತ್ತಿರ ಕ್ರೆಡಿಟ್ ಇರುವುದಿಲ್ಲ. ಇರುವುದು ಮೂರು: ಹಿಂದಿನ ವರ್ಷ ಪಾಸಾದ ದಾಖಲೆ, ಈ ವರ್ಷ ಇದುವರೆಗೆ ಬಂದ ಎಫ್‌ಎ (ವರ್ಷದ ನಡುವೆ ಆಗಾಗ ನಡೆಯುವ ರೂಪಣಾತ್ಮಕ ಮೌಲ್ಯಮಾಪನ), ಎಸ್‌ಎ (ಅವಧಿಯ ಕೊನೆಗೆ ನಡೆಯುವ ಸಂಕಲನಾತ್ಮಕ ಮೌಲ್ಯಮಾಪನ) ಅಂಕ, ಮತ್ತು ಹಾಜರಿ.

ಮೊದಲನೆಯದನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಇನ್ನೆರಡನ್ನು ಮರೆಯುತ್ತಾರೆ. ಹತ್ತನೇ ತರಗತಿಯಲ್ಲಿ ಈ ಮರೆವು ದುಬಾರಿ. ಎಸ್‌ಎಸ್‌ಎಲ್‌ಸಿಯಲ್ಲಿ 100 ಅಂಕದ ವಿಷಯಕ್ಕೆ ಬೋರ್ಡ್ ಪರೀಕ್ಷೆ 80 ಅಂಕಕ್ಕೆ ಮಾತ್ರ. ಉಳಿದ 20 ಶಾಲೆಯಿಂದಲೇ ಹೋಗುವ ಆಂತರಿಕ ಅಂಕ. ವರ್ಷದಲ್ಲಿ ನಡೆಯುವ ಎಫ್‌ಎಗಳಿಂದ ಅದು ಬರುತ್ತದೆ. ಆಗಸ್ಟ್‌ನಲ್ಲಿ ನಾಗಮಂಗಲದ ಶಾಲೆ ಬಿಟ್ಟು ಮೈಸೂರಿಗೆ ಬಂದ ಹುಡುಗಿಯ ಮೊದಲ ಎಫ್‌ಎ ಅಂಕ ನಾಗಮಂಗಲದಲ್ಲೇ ಉಳಿದರೆ ಹೊಸ ಶಾಲೆಯವರು ಏನು ತುಂಬಬೇಕು? ಅವಳು ಬರೆದಿದ್ದಾಳೆ, ಅಂಕವೂ ಬಂದಿದೆ, ಆದರೆ ಕಾಗದ ಇಲ್ಲ. ಟಿಸಿ ತೆಗೆದುಕೊಳ್ಳುವ ದಿನವೇ ಎಫ್‌ಎ ಅಂಕಪಟ್ಟಿಯ ದೃಢೀಕರಿಸಿದ ಪ್ರತಿಯನ್ನು ಹೆಡ್‌ಮಾಸ್ಟರ್ ಸಹಿ, ಸೀಲಿನೊಂದಿಗೆ ಕೇಳಿ ತಗೊಳ್ಳಿ. ಆಮೇಲೆ ಅದಕ್ಕೋಸ್ಕರ ಮತ್ತೆ ಓಡಾಡುವುದು ಕಷ್ಟ. ಹಾಜರಿಯೂ ಹಾಗೇ. ಬೋರ್ಡ್ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಹಳೆಯ ಶಾಲೆಯಲ್ಲಿ ಬಂದ ದಿನಗಳ ಲೆಕ್ಕ ಕೈಯಲ್ಲಿ ಇಲ್ಲದಿದ್ದರೆ ಹೊಸ ಶಾಲೆಯ ರಿಜಿಸ್ಟರಿನಲ್ಲಿ ಮಗು ಜೂನ್, ಜುಲೈ ಪೂರ್ತಿ ಗೈರು ಅನ್ನಿಸಿಕೊಳ್ಳಬಹುದು.

ಈಗ ಟಿಸಿಯನ್ನೇ ಕೈಗೆ ತಗೊಂಡು ನೋಡೋಣ. ಬಹಳ ಜನ ಅದರಲ್ಲಿ ಹೆಸರು, ಹುಟ್ಟಿದ ತಾರೀಕು ಸರಿಯಿದೆಯಾ ಅಂತ ನೋಡಿ ಮಡಚಿಡುತ್ತಾರೆ. ಹೆಸರು, ತಾರೀಕು ಮುಖ್ಯವೇ, ಆದರೆ ಓದು ಲೆಕ್ಕಕ್ಕೆ ಬರುವ ವಿಷಯದಲ್ಲಿ ಕೆಲಸಕ್ಕೆ ಬರುವ ಕಲಂಗಳು ಬೇರೆ. ಬಿಡುವಾಗ ಓದುತ್ತಿದ್ದ ತರಗತಿ. ಮುಂದಿನ ತರಗತಿಗೆ ಅರ್ಹತೆ ಪಡೆದಿದ್ದಾರೆಯೇ. ಬೋಧನಾ ಮಾಧ್ಯಮ. ಕಲಿತ ಭಾಷೆಗಳು. ಶಾಲೆಗೆ ಬಂದ ಕೊನೆಯ ದಿನ. 'ಅರ್ಹತೆ' ಕಲಂನಲ್ಲಿ ಗೆರೆ ಎಳೆದು ಬಿಟ್ಟಿದ್ದರೆ ಅಲ್ಲೇ ವಾಪಸ್ ಕೊಟ್ಟು ತುಂಬಿಸಿಕೊಳ್ಳಿ. ಭಾಷೆಯ ಕಲಂನಲ್ಲಿ ಸುಮ್ನೆ 'ಕನ್ನಡ, ಇಂಗ್ಲಿಷ್' ಅಂತ ಇದ್ದರೆ ಸಾಲದು. ಯಾವುದು ಪ್ರಥಮ, ಯಾವುದು ದ್ವಿತೀಯ, ಯಾವುದು ತೃತೀಯ ಅಂತ ಸ್ಪಷ್ಟವಾಗಿರಲಿ. ಹಾಗೆಯೇ ಸ್ಯಾಟ್ಸ್ ನಂಬರ್ ಇರಲೇಬೇಕು. ಕರ್ನಾಟಕದ ಶಾಲೆಗಳ ಮಕ್ಕಳ ದಾಖಲೆ ಎಲ್ಲಾ ಈಗ ಸ್ಯಾಟ್ಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ಕಾಗದದ ಟಿಸಿ ನಿಮ್ಮ ಕೈಯಲ್ಲಿದ್ದರೂ ಹಳೆಯ ಶಾಲೆಯವರು ತಮ್ಮ ಲಾಗಿನ್‌ನಿಂದ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯ ಪಟ್ಟಿಗೆ ಹೆಸರು ಬರುವುದಿಲ್ಲ. ಮಗು ಮೈಸೂರಿನ ತರಗತಿಯಲ್ಲಿ ಕೂತಿರುತ್ತದೆ, ದಾಖಲೆಯಲ್ಲಿ ಇನ್ನೂ ನಾಗಮಂಗಲದಲ್ಲೇ ಇರುತ್ತದೆ. ಎಸ್‌ಎಸ್‌ಎಲ್‌ಸಿ ನೋಂದಣಿ ಶುರುವಾದಾಗ ಇದು ಬಯಲಾಗುತ್ತದೆ. ಆಗ ಎಲ್ಲರಿಗೂ ಗಡಿಬಿಡಿ. ಸೇರಿದ ಒಂದೆರಡು ವಾರದಲ್ಲೇ "ಸ್ಯಾಟ್ಸ್‌ನಲ್ಲಿ ನಮ್ಮ ಮಗು ನಿಮ್ಮ ಶಾಲೆಗೆ ಬಂದಿದೆಯಾ?" ಅಂತ ಕೇಳಿ ಖಚಿತ ಮಾಡಿಕೊಳ್ಳಿ.

ಇನ್ನು ಭಾಷೆಯ ವಿಷಯ. ನನ್ನ ಪ್ರಕಾರ ಶಾಲೆ ಬದಲಿಸುವವರನ್ನು ಅತಿ ಹೆಚ್ಚು ಕಾಡುವುದು ಗಣಿತವೂ ಅಲ್ಲ, ವಿಜ್ಞಾನವೂ ಅಲ್ಲ. ಭಾಷೆ.

ಎಸ್‌ಎಸ್‌ಎಲ್‌ಸಿಯಲ್ಲಿ 2025ರವರೆಗಿನ ಲೆಕ್ಕ 625 ಅಂಕ. ಪ್ರಥಮ ಭಾಷೆ 125, ದ್ವಿತೀಯ ಭಾಷೆ 100, ತೃತೀಯ ಭಾಷೆ 100, ಆಮೇಲೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ತಲಾ 100. ಅಂದರೆ ಒಟ್ಟು ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ, 325, ಭಾಷೆಗಳದ್ದೇ. ಸಿಬಿಎಸ್‌ಇ ಹತ್ತರಲ್ಲಿ ಸಾಮಾನ್ಯವಾಗಿ ಎರಡೇ ಭಾಷೆ. ಇಂಗ್ಲಿಷ್ ಜೊತೆ ಹಿಂದಿ, ಸಂಸ್ಕೃತ ಅಥವಾ ಕನ್ನಡ. ಒಂಬತ್ತರವರೆಗೆ ಇಂಗ್ಲಿಷ್, ಸಂಸ್ಕೃತ ಓದಿದ ಹುಡುಗನೊಬ್ಬ ಸ್ಟೇಟ್ ಶಾಲೆಗೆ ಬರುತ್ತಾನೆ ಅಂದುಕೊಳ್ಳಿ. ಅಲ್ಲಿ ಸಂಸ್ಕೃತ ಹೇಳಿಕೊಡುವವರಿಲ್ಲ. ಪ್ರಥಮ ಭಾಷೆ ಕನ್ನಡ, ತೃತೀಯ ಹಿಂದಿ. ಮನೆಯಲ್ಲಿ ಚೆನ್ನಾಗಿ ಕನ್ನಡ ಮಾತಾಡುವ ಹುಡುಗನೂ ಹಳಗನ್ನಡದ ಪದ್ಯ, ಛಂದಸ್ಸು, ಅಲಂಕಾರ ಇರುವ ಪ್ರಥಮ ಭಾಷೆಯ ಪತ್ರಿಕೆ ಮುಂದೆ ತಬ್ಬಿಬ್ಬಾಗುತ್ತಾನೆ. ಇದರಲ್ಲಿ ಹುಡುಗನ ತಪ್ಪೇನೂ ಇಲ್ಲ. ಸೇರಿಸುವ ಮೊದಲು ದೊಡ್ಡವರು ಕೇಳಬೇಕಿದ್ದ ಪ್ರಶ್ನೆ ಅದು: ನಿಮ್ಮಲ್ಲಿ ಪ್ರಥಮ ಭಾಷೆ ಯಾವ್ಯಾವುದು ಇದೆ, ತೃತೀಯ ಭಾಷೆಗೆ ಯಾವ್ಯಾವುದು ಇದೆ? ಬೋರ್ಡಿನ ಪಟ್ಟಿಯಲ್ಲಿ ಪ್ರಥಮ ಭಾಷೆಗೆ ಕನ್ನಡವಲ್ಲದೆ ಇಂಗ್ಲಿಷ್, ಸಂಸ್ಕೃತ, ಉರ್ದು, ಹಿಂದಿ, ತಮಿಳು, ತೆಲುಗು, ಮರಾಠಿ ಇವೆ. ಆದರೆ ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ನೀವು ಹೋದ ಶಾಲೆಯಲ್ಲಿ ಅದು ಇರುತ್ತದೆ ಅಂತಲ್ಲ.

ಸ್ಟೇಟ್‌ನಿಂದ ಸ್ಟೇಟ್‌ಗೇ ಹೋದರೂ ಒಂದು ತೊಡಕಿದೆ. ಇದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ವಿಷಯ ಇದೆ. ಆಟೊಮೊಬೈಲ್, ಐಟಿ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಇಂಥವು. ಮಕ್ಕಳು ಇಷ್ಟಪಟ್ಟು ಕಲಿಯುತ್ತಾರೆ, ಒಳ್ಳೆಯ ಯೋಜನೆ. ಆದರೆ ಒಂಬತ್ತರಲ್ಲಿ ಹಿಂದಿ ಬಿಟ್ಟು ಆಟೊಮೊಬೈಲ್ ಓದಿದ ಹುಡುಗ ಹತ್ತಕ್ಕೆ ಬೇರೆ ಶಾಲೆಗೆ ಹೋದರೆ, ಅಲ್ಲಿ ಆ ವಿಷಯ ಇಲ್ಲದಿದ್ದರೆ, ಅವನು ಒಂದು ವರ್ಷ ಕಲಿತದ್ದನ್ನು ಹಿಡಿದುಕೊಳ್ಳಲು ಜಾಗವಿಲ್ಲ. ಹತ್ತರ ಹಿಂದಿಗೆ ನೇರವಾಗಿ ಕೂರಬೇಕು. ಅಮೆರಿಕದವರು ಹೇಳುವ ಕ್ರೆಡಿಟ್ ಸಮಸ್ಯೆಗೆ ನಮ್ಮ ಸರ್ಕಾರಿ ಶಾಲೆಯಲ್ಲಿ ಅತಿ ಹತ್ತಿರದ ಉದಾಹರಣೆ ಇದೇ. ಇಂಥ ಮಗುವಿಗೆ ಶಾಲೆ ಹುಡುಕುವಾಗ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ, ತಾಲ್ಲೂಕಿನಲ್ಲಿ ಯಾವ ಶಾಲೆಗಳಲ್ಲಿ ಅದೇ ವಿಷಯ ಇದೆ ಅಂತ ಕೇಳಿ. ಮನೆಯಿಂದ ಎರಡು ಕಿಲೋಮೀಟರ್ ಜಾಸ್ತಿ ಆದರೂ ಆ ಶಾಲೆಯೇ ಒಳ್ಳೆಯದು.

ಹೊರರಾಜ್ಯದಿಂದ ಬರುವವರಿಗೂ ಭಾಷೆಯದ್ದೇ ಚಿಂತೆ. ಮೈಸೂರಿಗೆ ರೈಲ್ವೆ, ಸಿಎಫ್‌ಟಿಆರ್‌ಐ, ಬಿಇಎಂಎಲ್ ಕೆಲಸದ ಮೇಲೆ ವರ್ಗವಾಗಿ ಬರುವ ಕುಟುಂಬಗಳು ಬಹಳ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು ಎನ್ನುತ್ತದೆ. ಎಂಟು, ಒಂಬತ್ತನೇ ತರಗತಿಗೆ ಬರುವ ಮಗುವಿಗೆ ಶಾಲೆ ಯಾವ ಮಟ್ಟದ ಕನ್ನಡ ಕೊಡುತ್ತದೆ, ಪರೀಕ್ಷೆ ಹೇಗೆ ಅಂತ ಸೇರಿಸುವಾಗಲೇ ಮಾತಾಡಿಕೊಳ್ಳಿ. ಇನ್ನೊಂದು ಮಾತು: 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ರಾಜ್ಯ ಶಿಕ್ಷಣ ನೀತಿ ಆಯೋಗ ಎರಡು ಭಾಷೆ ಸಾಕು ಎಂದಿದೆ. ಹಾಗಾಗಿ ತೃತೀಯ ಭಾಷೆಯ ವಿಷಯದಲ್ಲಿ ನೀವು ಸೇರಿಸುವ ವರ್ಷದ ಸುತ್ತೋಲೆ ಏನು ಹೇಳುತ್ತದೆ ಅನ್ನುವುದನ್ನು ಶಾಲೆಯಲ್ಲಿ ಕೇಳಿ ನೋಡಿಕೊಳ್ಳಿ. ಪಕ್ಕದ ಮನೆಯವರ ಮಗ ಎರಡು ವರ್ಷದ ಹಿಂದೆ ಏನು ಮಾಡಿದ ಅನ್ನುವುದು ಇಲ್ಲಿ ಆಧಾರವಾಗಬಾರದು.

ಹಾಗಾದರೆ ಯಾವಾಗ ಬದಲಿಸುವುದು ಒಳ್ಳೆಯದು? ಏಳು ಮುಗಿದ ಮೇಲೆ ಎಂಟಕ್ಕೆ, ಎಂಟು ಮುಗಿದ ಮೇಲೆ ಒಂಬತ್ತಕ್ಕೆ, ಇಲ್ಲವೇ ಹತ್ತು ಮುಗಿದ ಮೇಲೆ ಪಿಯುಗೆ. ಒಂಬತ್ತರಿಂದ ಹತ್ತಕ್ಕೆ ಮತ್ತು ಫಸ್ಟ್ ಪಿಯುನಿಂದ ಸೆಕೆಂಡ್ ಪಿಯುಗೆ ಹೋಗುವಾಗ ಬದಲಿಸುವುದು ಕೊನೆಯ ದಾರಿಯಾಗಿರಲಿ. ಕಾರಣ, ಬೋರ್ಡುಗಳು ಒಂಬತ್ತು-ಹತ್ತನ್ನು, ಹನ್ನೊಂದು-ಹನ್ನೆರಡನ್ನು ಜೋಡಿ ವರ್ಷಗಳಂತೆ ನೋಡುತ್ತವೆ. ಸಿಬಿಎಸ್‌ಇ ಅಂತೂ ಈ ವಿಷಯದಲ್ಲಿ ಬಿಗಿ. ಹತ್ತನೇ ತರಗತಿಗೆ ಸೇರಬೇಕಾದರೆ ಒಂಬತ್ತನ್ನು ಸಿಬಿಎಸ್‌ಇ ಶಾಲೆಯಲ್ಲೇ ಓದಿ ಪಾಸಾಗಿರಬೇಕು ಅನ್ನುವುದು ಅದರ ನಿಯಮ. ಸ್ಟೇಟ್‌ನಲ್ಲಿ ಒಂಬತ್ತು ಮುಗಿಸಿ ಸಿಬಿಎಸ್‌ಇ ಹತ್ತಕ್ಕೆ ಹೋಗುವ ಆಸೆ ಇದ್ದರೆ ಅದು ನಡೆಯುವುದಿಲ್ಲ ಅಂತಲೇ ತಿಳಿಯಿರಿ. ಯಾರಾದರೂ "ದುಡ್ಡು ಕಟ್ಟಿ, ನಾವು ಮಾಡಿಸಿಕೊಡ್ತೀವಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಸಿಬಿಎಸ್‌ಇಯಿಂದ ಸಿಬಿಎಸ್‌ಇಗೆ ಹತ್ತರಲ್ಲಿ ಬದಲಿಸಬೇಕಾದರೂ ಪೋಷಕರ ವರ್ಗಾವಣೆಯಂಥ ಕಾರಣ, ಅದಕ್ಕೆ ದಾಖಲೆ, ಬೋರ್ಡಿನ ಅನುಮತಿ ಬೇಕು. ಸಿಬಿಎಸ್‌ಇ ಒಂಬತ್ತರಿಂದ ಸ್ಟೇಟ್ ಹತ್ತಕ್ಕೆ ಬರುವವರು ಶಾಲೆ ಒಪ್ಪಿದೆ ಅಂತ ನೆಮ್ಮದಿಯಾಗಿ ಕೂರದೆ ಇಲಾಖೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.

ಪಿಯು ಕಥೆ ಸ್ವಲ್ಪ ಬೇರೆ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಫಸ್ಟ್ ಪಿಯುನಲ್ಲಿ ತಗೊಂಡ ಕಾಂಬಿನೇಷನ್ನೇ ಸೆಕೆಂಡ್ ಪಿಯುನಲ್ಲೂ ನಡೆಯಬೇಕು. ಮಂಡ್ಯದಲ್ಲಿ ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ಸೈನ್ಸ್) ಓದಿದವಳು ಮೈಸೂರಿನಲ್ಲಿ ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವ ವಿಜ್ಞಾನ) ಮಾತ್ರ ಇರುವ ಕಾಲೇಜಿಗೆ ಹೋದರೆ ಕಂಪ್ಯೂಟರ್ ಸೈನ್ಸ್ ಎಲ್ಲಿ ಓದುತ್ತಾಳೆ? ಭಾಷೆಯೂ ಅಷ್ಟೇ. ಕೆಲವು ಖಾಸಗಿ ಕಾಲೇಜುಗಳಲ್ಲಿ ಇಂಗ್ಲಿಷ್ ಜೊತೆ ಎಲ್ಲಾ ಭಾಷೆ ಸಿಗುವುದಿಲ್ಲ. ಕಾಲೇಜು ಬದಲಿಸುವವರು ನೋಡುವುದು ಹಾಸ್ಟೆಲ್, ಫೀಸು, ನೀಟ್ ಕೋಚಿಂಗ್. ಅದಕ್ಕಿಂತ ಮೊದಲು ಕಾಂಬಿನೇಷನ್ ಮತ್ತು ಭಾಷೆ ಎರಡೂ ತಾಳೆಯಾಗುತ್ತದೆಯೇ ನೋಡಿ. ತಾಳೆಯಾದರೆ ಫಸ್ಟ್ ಪಿಯು ಅಂಕಪಟ್ಟಿ, ಟಿಸಿ ಹಿಡಿದು ಹೋಗಿ. ಯಾವ ತಾರೀಕಿನೊಳಗೆ ಬದಲಿಸಬಹುದು ಅಂತ ಹೊಸ ಕಾಲೇಜಿನಲ್ಲೂ ಪದವಿಪೂರ್ವ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲೂ ಕೇಳಿ. ಮೈಸೂರು, ಮಂಡ್ಯ ಎರಡು ಜಿಲ್ಲೆಯಲ್ಲೂ ಆ ಕಚೇರಿ ಇದೆ. ಸಿಬಿಎಸ್‌ಇ, ಐಸಿಎಸ್‌ಇ ಅಥವಾ ಬೇರೆ ರಾಜ್ಯದ ಬೋರ್ಡಿನಲ್ಲಿ ಹತ್ತು ಪಾಸಾಗಿ ಪಿಯುಗೆ ಬರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ (ಬೇರೆ ಬೋರ್ಡಿಗೆ ಹೋಗಲು ಹಳೆಯ ಬೋರ್ಡು ಕೊಡುವ ಪತ್ರ) ಜೊತೆಗೆ ಇಲಾಖೆಯ ಅರ್ಹತಾ ಪತ್ರವೂ ಬೇಕು. ಇದಕ್ಕೆ ಕಾಲೇಜಿನ ಮೂಲಕ ಅರ್ಜಿ ಹೋಗಿದೆಯಾ ಅಂತ ನೀವೇ ವಿಚಾರಿಸಿ.

ಹಳೆಯ ಶಾಲೆ ಟಿಸಿ ಕೊಡದೆ ಸತಾಯಿಸಿದರೆ? ಎಂಟನೇ ತರಗತಿವರೆಗೆ ಕಾನೂನು ಮಗುವಿನ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಮಗು ವರ್ಗಾವಣೆ ಕೇಳಿದರೆ ಹೆಡ್‌ಮಾಸ್ಟರ್ ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂಬತ್ತರಿಂದ ಮೇಲಕ್ಕೆ ಈ ಕಾಯ್ದೆ ಬರುವುದಿಲ್ಲ. ಫೀಸು ಬಾಕಿ ಅಂತಲೋ, ಮುಂದಿನ ವರ್ಷದ ಫೀಸೂ ಕಟ್ಟಿ ಅಂತಲೋ ಕಾಗದ ಹಿಡಿದಿಟ್ಟುಕೊಳ್ಳುವುದು ಆಗಲೇ ಜಾಸ್ತಿ. ಬಾಯಿಮಾತಿನಲ್ಲಿ ಕೇಳುತ್ತಾ ಕೂರಬೇಡಿ. ಅರ್ಜಿ ಬರೆದು ಕೊಡಿ, ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಅದೇ ಪ್ರತಿಯನ್ನು ಜೊತೆಗಿಟ್ಟು ಬಿಇಒಗೆ, ಪಿಯು ಆದರೆ ಉಪನಿರ್ದೇಶಕರಿಗೆ ದೂರು ಕೊಡಿ. ಸೀಲು ಬಿದ್ದ ಆ ಒಂದು ಹಾಳೆ ಇದ್ದರೆ ಕಚೇರಿಯಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

ನಿಜವಾದ ಅರ್ಥದಲ್ಲಿ ಕ್ರೆಡಿಟ್ ವರ್ಗಾವಣೆ ಇರುವ ಒಂದು ಜಾಗ ನಮ್ಮ ದೇಶದಲ್ಲೂ ಇದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್. ಬೇರೆ ಮಾನ್ಯ ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕವನ್ನು ಅಲ್ಲಿಗೆ ಕೊಂಡೊಯ್ಯಬಹುದು, ಉಳಿದ ವಿಷಯ ಅಲ್ಲಿ ಬರೆಯಬಹುದು. ಕಾಯಿಲೆಯಿಂದ ವರ್ಷ ತಪ್ಪಿದವರಿಗೆ, ಕ್ರೀಡೆಯಲ್ಲಿ ತೊಡಗಿದ ಮಕ್ಕಳಿಗೆ ಇದು ದೊಡ್ಡ ಆಸರೆ. ಆದರೆ ಎಸ್‌ಎಸ್‌ಎಲ್‌ಸಿಯಲ್ಲಿ ಒಂದೆರಡು ವಿಷಯ ಹೋಯಿತು ಅಂತ ಮಾತ್ರಕ್ಕೆ ಅತ್ತ ಓಡಬೇಡಿ. 2024ರಿಂದ ಎಸ್‌ಎಸ್‌ಎಲ್‌ಸಿಗೂ ಸೆಕೆಂಡ್ ಪಿಯುಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಅದೇ ಬೋರ್ಡಿನಲ್ಲಿ ಮುಂದಿನ ಪರೀಕ್ಷೆ ಬರೆಯುವುದು ಸುಲಭ.

ಅಪಾರ್ ಐಡಿ ಬಗ್ಗೆಯೂ ಜನ ಕೇಳುತ್ತಾರೆ. ಶಾಲೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕೊಡುವ 12 ಅಂಕಿಯ ನಂಬರ್ ಅದು. ಮಗುವಿನ ಅಂಕ, ಪ್ರಮಾಣಪತ್ರಗಳನ್ನು ಒಂದೇ ಕಡೆ ಕೂಡಿಡುವ ಉದ್ದೇಶ ಅದಕ್ಕಿದೆ. 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದನ್ನೂ ಕ್ರೆಡಿಟ್‌ನಲ್ಲಿ ಅಳೆಯುವ ದಾರಿ ಹೇಳಿದೆ. ಆದರೆ ನಂಬರ್ ಇದ್ದ ಮಾತ್ರಕ್ಕೆ ಒಂದು ಬೋರ್ಡಿನ ಓದನ್ನು ಇನ್ನೊಂದು ಬೋರ್ಡು ಒಪ್ಪುತ್ತದೆ ಅಂತಲ್ಲ. ಒಪ್ಪುವ ಅಧಿಕಾರ ಈಗಲೂ ಬೋರ್ಡಿನದು.

ಕೊನೆಗೆ ಪರದೇಶದ ಮಾತು. ಅಮೆರಿಕದಿಂದ ವಾಪಸ್ ಬರುವವರಿಗೆ ದೊಡ್ಡ ತೊಡಕು, ಅಲ್ಲಿ ಹತ್ತನೇ ತರಗತಿಗೆ ನಮ್ಮಂಥ ಬೋರ್ಡ್ ಪರೀಕ್ಷೆ ಇಲ್ಲ. ಹತ್ತು ಮುಗಿಸಿ ಇಲ್ಲಿ ಹನ್ನೊಂದಕ್ಕೋ ಫಸ್ಟ್ ಪಿಯುಗೋ ಸೇರಿಸುವಾಗ ಅಲ್ಲಿನ ಓದು ನಮ್ಮ ಹತ್ತಕ್ಕೆ ಸಮ ಅಂತ ಸಿಬಿಎಸ್‌ಇ ಅಥವಾ ಪಿಯು ಇಲಾಖೆ ಒಪ್ಪಬೇಕು. ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಗ್ರೇಡುಗಳ ಅಧಿಕೃತ ಪಟ್ಟಿ), ಗ್ರೇಡುಗಳ ಅರ್ಥ ತಿಳಿಸುವ ಹಾಳೆ, ಹತ್ತು ಪೂರ್ತಿಯಾಗಿದೆ ಅನ್ನುವ ಪತ್ರ, ಆ ಶಾಲೆಗೆ ಮಾನ್ಯತೆ ಇರುವ ದಾಖಲೆ, ಇಷ್ಟನ್ನು ವಿಮಾನ ಹತ್ತುವ ಮೊದಲೇ ತಗೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಇಮೇಲ್ ಬರೆಯುತ್ತಾ ಕೂತರೆ ಅಡ್ಮಿಷನ್ ಮುಗಿದಿರುತ್ತದೆ. ಹನ್ನೆರಡು ಅಲ್ಲೇ ಮುಗಿಸಿ ಇಲ್ಲಿ ಡಿಗ್ರಿಗೆ ಸೇರುವವರಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೊಡುವ ಸಮಾನತಾ ಪತ್ರ ಕೇಳುತ್ತಾರೆ.

ಇಲ್ಲಿಂದ ಅಲ್ಲಿಗೆ ಹೋಗುವವರು ಎಡವುವುದು ಬೇರೆ ಕಡೆ. ಅಮೆರಿಕದಲ್ಲಿ ಹೈಸ್ಕೂಲ್ ಅಂದರೆ ಒಂಬತ್ತರಿಂದ ಹನ್ನೆರಡು. ಹಾಗಾಗಿ ನಮ್ಮ ಒಂಬತ್ತನೇ ತರಗತಿಯ ಅಂಕ ಅಲ್ಲಿ ಕ್ರೆಡಿಟ್ ಆಗುತ್ತದೆ. ನಮ್ಮವರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿರುತ್ತಾರೆ, ಒಂಬತ್ತರದ್ದು ಎಲ್ಲಿ ಹೋಯಿತೋ ಗೊತ್ತಿರುವುದಿಲ್ಲ. ಮೈಸೂರಿನಿಂದ ಹೊರಡುವ ಮೊದಲು ಒಂಬತ್ತರಿಂದ ಈವರೆಗಿನ ಪ್ರತಿ ವರ್ಷದ, ಪ್ರತಿ ವಿಷಯದ ಅಂಕ, ವಾರಕ್ಕೆ ಎಷ್ಟು ಪೀರಿಯಡ್, ಒಂದು ಪೀರಿಯಡ್ ಎಷ್ಟು ನಿಮಿಷ, ಪಾಠದ ಮುಖ್ಯ ಅಧ್ಯಾಯಗಳು ಇಷ್ಟನ್ನು ಶಾಲೆಯ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಬರೆಸಿ, ಸಹಿ, ಸೀಲು ಹಾಕಿಸಿ, ಮುಚ್ಚಿದ ಲಕೋಟೆಯಲ್ಲಿ ತಗೊಳ್ಳಿ. ಅಲ್ಲಿನ ಕೌನ್ಸೆಲರ್ ಗಂಟೆ ಲೆಕ್ಕ ಹಾಕಿ ಕ್ರೆಡಿಟ್ ಕೊಡುವುದು ಈ ಪತ್ರ ನೋಡಿಯೇ. ವಿಜ್ಞಾನ ಅಂತ ಒಂದೇ ಸಾಲಿನಲ್ಲಿ ಬರೆಸಬೇಡಿ. ಭೌತ, ರಸಾಯನ, ಜೀವ ವಿಜ್ಞಾನ ಎಷ್ಟೆಷ್ಟು ಇತ್ತು ಅಂತ ಬಿಡಿಸಿ ಬರೆಸಿ, ಅಲ್ಲಿ ಅವು ಬೇರೆ ಬೇರೆ ವಿಷಯ. ಕನ್ನಡವನ್ನೂ ಬಿಡಬೇಡಿ. ಇಂಗ್ಲಿಷ್ ಅಲ್ಲದ ಭಾಷೆ ಕಲಿತದ್ದಕ್ಕೆ ಹಲವು ಕಡೆ ಕ್ರೆಡಿಟ್ ಕೊಡುತ್ತಾರೆ, ಮಗು ಇಷ್ಟು ವರ್ಷ ಓದಿದ ಕನ್ನಡಕ್ಕೂ ಅದನ್ನು ಕೇಳಿ ಪಡೆಯಬಹುದು.